ಸೋಫಾದ ಮೇಲಿನ ತೀರ್ಪುಗಾರ

ಟಿವಿಯ ಅಡುಗೆ ಸ್ಪರ್ಧೆಗೆ ಮೂವರು ತೀರ್ಪುಗಾರರು. ನಾಲ್ಕನೆಯವನು ನಾನು, ಮಾನ್ವಿಯ ನಮ್ಮ ಮನೆಯ ಸೋಫಾದ ಮೇಲೆ! ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನಗೆ ನೆಟ್ಟಗೆ ಚಹಾ ಮಾಡಲೂ ಬರುವುದಿಲ್ಲ. ಆದರೆ ತಪ್ಪು ಹುಡುಕುವುದು ನನ್ನ ಕಸುಬು. ಪ್ರತಿ ಭಾನುವಾರ ಸಂಜೆ ಸ್ಪರ್ಧಿಗಳನ್ನು ಒಬ್ಬೊಬ್ಬರಾಗಿ ವಿಚಾರಿಸಿಕೊಳ್ಳುತ್ತಿದ್ದೆ. ಈ ಹುಡುಗ ಬಾಣಲೆಗಿಂತ ಮೀಸೆಗೇ ಹೆಚ್ಚು ಎಣ್ಣೆ ಹಾಕಿದ್ದಾನೆ. ಆ ಹೆಂಗಸು ಕೊತ್ತಂಬರಿ ಉದುರಿಸುತ್ತಿದ್ದಾಳೋ, ಮೇಕೆಗೆ ಮೇವು ಹಾಕುತ್ತಿದ್ದಾಳೋ? ಹೆಂಡತಿ ಮಹಾದೇವಿ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ಅದನ್ನು ಸಮ್ಮತಿಯೆಂದೇ ತಿಳಿದಿದ್ದೆ.

ಒಂದು ವಾರ ದೇವದುರ್ಗದ ಕಡೆಯ ಹೆಣ್ಣುಮಗಳೊಬ್ಬಳು ಬಂದಳು. ಬಡಿಯುತ್ತಿದ್ದ ಜೋಳದ ರೊಟ್ಟಿ ಕೈಯಲ್ಲೇ ಹರಿಯಿತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

"ರೊಟ್ಟಿ ಬಡಿಯಾಕ ಬರದಾಕಿ ಟಿವಿಗ್ಯಾಕ ಬರಬೇಕು?"

ಮಹಾದೇವಿ ಟಿವಿ ಆರಿಸಿದಳು. "ಆಕಿ ಕೈ ನಡಗಾಕತ್ತಿದ್ವು, ಕಾಣಲಿಲ್ಲೇನ್ರಿ? ಮುಂದಿನ ಐತವಾರ ನೀವ ಮಾಡ್ರಿ. ನಾ ಮೊಬೈಲ್ ಹಿಡಕೊಂಡು ಮುಂದ ನಿಂದರ್ತೀನಿ."

"ಅದೇನ್ ಮಹಾ!" ಎಂದೆ. ಎಂದುಬಿಟ್ಟೆ!

ಆ ಭಾನುವಾರಕ್ಕೆ ಸರಿಯಾಗಿ ಅತ್ತೆಯವರು ಜಾಲಹಳ್ಳಿಯಿಂದ ಬಂದಿಳಿದರು. ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ಎಣ್ಣೆಗಾಯಿಗೆ ಬದನೆಕಾಯಿಯನ್ನು ತೊಟ್ಟಿನವರೆಗಷ್ಟೇ ಸೀಳಬೇಕಂತೆ. ನಾನು ಪೂರ್ತಿ ಸೀಳಿದೆ. ಮಸಾಲೆ ತುಂಬಲು ಬದನೆಯೇ ಉಳಿಯಲಿಲ್ಲ! ಉಪ್ಪು ಹಾಕಿದೆನೋ ಇಲ್ಲವೋ ಎಂಬ ಸಂಶಯ ಬಂದಾಗಲೆಲ್ಲ ಹಾಕಿದೆ. ಜೋಳದ ಹಿಟ್ಟಿಗೆ ಕುದಿಯುವ ನೀರು ಬೇಕೆಂದು ಯಾರೂ ಹೇಳಲಿಲ್ಲ, ತಣ್ಣೀರಲ್ಲೇ ನಾದಿದೆ.

"ಇನ್ನ ಐದ ನಿಮಿಷ ಅದ!" ಮಹಾದೇವಿ ಮೊಬೈಲನ್ನು ಮುಖಕ್ಕೇ ತಂದಳು.

ಕೈ ನಡುಗತೊಡಗಿತು. ಎದುರಿಗಿದ್ದವಳು ನನ್ನ ಹೆಂಡತಿಯೇ, ಆದರೂ ನಡುಗಿತು. ರೊಟ್ಟಿ ಮೂರು ಕಡೆ ಹರಿಯಿತು.

ಅತ್ತೆ ತಟ್ಟೆಗೆ ಬಗ್ಗಿ ನೋಡಿದರು. "ಮಾಸ್ತರ, ಇದು ರೊಟ್ಟಿನೋ, ನಮ್ಮ ತಾಲೂಕಿನ ನಕಾಶಿನೋ?"

ಮಹಾದೇವಿ ಮಾತ್ರ ನಗಲಿಲ್ಲ. ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡಳು. "ಮೊದಲ ಸಲಕ್ಕ ಅಡ್ಡಿಯಿಲ್ಲ ಬಿಡ್ರಿ" ಎಂದು ನೀರು ಕುಡಿದಳು. ಮತ್ತೊಂದು ಲೋಟ ಕುಡಿದಳು.

ಅತ್ತೆ ಮಲಗಿದ ಮೇಲೆ ಕೇಳಿದೆ: "ಟಿವ್ಯಾಗಿನ ಆಕಿಗೆ ನಕ್ಕರ ನಿನಗ್ಯಾಕಷ್ಟು ಸಿಟ್ಟು ಬಂತು?"

ಪಾತ್ರೆ ತಿಕ್ಕುತ್ತಲೇ ಹೇಳಿದಳು. "ಆ ಸ್ಪರ್ಧಾದ ಅರ್ಜಿ ನಾನೂ ತುಂಬಿದ್ದೆರಿ, ಎರಡ ಸಲ. ಕಳಸಬೇಕು ಅನ್ನೂದ್ರಾಗ ಐತವಾರ ಬರ್ತಿತ್ತು, ನಿಮ್ಮ ಮಾತು ಕೇಳತಿದ್ದೆ, ಅಳಿಸಿಬಿಡತಿದ್ದೆ. ಟಿವಿಯವರ ಅಂಜಿಕಿ ಇಲ್ಲ ನನಗ. ಮನ್ಯಾಗಿನ ಸೋಫಾದ್ದ ಅಂಜಿಕಿ."

ಇಷ್ಟು ವರ್ಷ ಪಕ್ಕದಲ್ಲಿ ಕೂತಿದ್ದಳು. ಅವಳು ಸ್ಪರ್ಧಿಯಾಗಿ ಕೂತಿದ್ದಳು ಎಂಬುದು ಈ ತೀರ್ಪುಗಾರನಿಗೆ ತಿಳಿದಿರಲಿಲ್ಲ. ಅವಳ ಕೈಯಿಂದ ಪಾತ್ರೆ ತೆಗೆದುಕೊಂಡು ನಾನೇ ತಿಕ್ಕಿದೆ. ಆಮೇಲೆ ಇಬ್ಬರೂ ಕೂತು ಮೊಬೈಲಿನಲ್ಲಿ ಅರ್ಜಿ ತುಂಬಿ, ಆಗಲೇ ಕಳಿಸಿದೆವು.

ತಿಂಗಳ ನಂತರ ರಾಯಚೂರಿನಲ್ಲಿ ಆಯ್ಕೆ ನಡೆಯಿತು. ಕಾವಲುಗಾರ ನನ್ನನ್ನು ಬಾಗಿಲಲ್ಲೇ ತಡೆದ. "ನೀವ್ಯಾರ್ರಿ?"

"ಆಕಿ ಗಂಡ."

"ಗಂಡಂದಿರು ಮೆಟ್ಟಲ ಮ್ಯಾಲ ಕುಂದರ್ರಿ."

ತೀರ್ಪುಗಾರರಿಗೆಂದು ಮಹಾದೇವಿ ಮನೆಯಿಂದ ಮಾಡಿ ತಂದಿದ್ದರಲ್ಲಿ ಮಿಕ್ಕ ಎಣ್ಣೆಗಾಯಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಎರಡು ತಾಸು ಕುಳಿತೆ. ಕೊನೆಗೆ ಮಹಾದೇವಿ ಓಡುತ್ತ ಬಂದಳು. "ಆರಿಸ್ಯಾರ್ರಿ!"

ಖುಷಿಗೆ ಎದ್ದು ನಿಂತೆ. ಡಬ್ಬಿಯ ನೆನಪಿರಲಿಲ್ಲ. ಎಣ್ಣೆಗಾಯಿ ನನ್ನ ಬಿಳಿ ಪ್ಯಾಂಟಿನ ಮೇಲೆಲ್ಲ ಹರಿಯಿತು!

ಅದೇ ಅವತಾರದಲ್ಲಿ ಬಸ್ಸು ಹತ್ತಿದೆ. ಪೋತ್ನಾಳಕ್ಕೆ ಹೊರಟಿದ್ದ ಅಜ್ಜಿಯೊಬ್ಬಳು ಪಕ್ಕದಲ್ಲಿ ಕೂತು ಗಾಳಿ ಮೂಸಿದಳು.

"ಯಪ್ಪಾ, ಎಷ್ಟು ಚಲೋ ವಾಸನಿ! ಯಾರು ಮಾಡ್ಯಾರ?"

ಎದೆಯುಬ್ಬಿಸಿ ಮಹಾದೇವಿಯನ್ನು ತೋರಿಸಿದೆ. "ನನ್ನ ಹೇಣ್ತಿ. ಟಿವ್ಯಾಗ ಬರ್ತಾಳ."

"ಹೌದಾ? ಮತ್ತ ನೀ ಏನ ಮಾಡ್ದಿ?"

"ನಾ ಚೆಲ್ಲೀನ್ಯವ್ವಾ."