ಮಂಡಳಿಯ ಎರಡನೇ ಅಕ್ವೇರಿಯಂ

ಸಂಗಮ ಪಟ್ಟಣ ನೀರು ಮತ್ತು ಅಲಂಕಾರ ಮಂಡಳಿಯ ಟಿ. ನರಸೀಪುರ ಶಾಖೆಯಲ್ಲಿದ್ದ ಏಕೈಕ ಅಕ್ವೇರಿಯಂನ ಹನ್ನೆರಡೂ ಮೀನುಗಳು ಕಳೆದ ಕಾರ್ತಿಕ ಮಾಸದ ಮೂರನೇ ಸೋಮವಾರ, ಕಚೇರಿ ವೇಳೆಯಲ್ಲೇ ಸತ್ತವು. ಕಚೇರಿ ವೇಳೆಯಲ್ಲಿ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. ಏಕೆಂದರೆ ನೌಕರರು ಯಾರೂ ಇಲ್ಲದಾಗ ಸತ್ತವು ಎಂದು ಬಸ್ ಸ್ಟ್ಯಾಂಡಿನಲ್ಲಿ ಕೆಲವರು ಆಡಿಕೊಳ್ಳುತ್ತಿದ್ದಾರೆ. ಹತ್ತೊಂಬತ್ತು ವರ್ಷದಿಂದ ಇಲ್ಲಿ ಗುಮಾಸ್ತನಾಗಿರುವ ನಾನು ಅಂದು ಕುರ್ಚಿಯಲ್ಲೇ ಇದ್ದೆ. ಒಂದೊಂದಾಗಿ ಸಾಯುವುದನ್ನು ನೋಡುತ್ತಲೇ ಇದ್ದೆ.

ನಂಜನಗೂಡಿನ ಸ್ನಾನಘಟ್ಟದಲ್ಲಿ ಮುಳುಗೆದ್ದವರು ಹೊಳೆ ಮೀನಿಗೆ ಒಂದು ಹಿಡಿ ಕಡ್ಲೆಪುರಿ ಹಾಕಿ ಕೈಮುಗಿಯುವುದು ವಾಡಿಕೆ. ಆ ಸೋಮವಾರ ಅಲ್ಲಿಂದ ಬಂದ ಒಂದು ಬಸ್ಸಿನ ಜನ, ಮಿಕ್ಕ ಪುರಿಯನ್ನು ನಮ್ಮ ಗಾಜಿನ ತೊಟ್ಟಿಗೆ ಹಾಕಿದರು. ಒಬ್ಬರು ತೀರ್ಥ ಬಿಟ್ಟರು, ಇನ್ನೊಬ್ಬರು ಕುಂಕುಮ. ನಮ್ಮ ಇಂಜಿನಿಯರ್ ನಂಜೇಶ್ ತನಿಖೆ ನಡೆಸಿ, ಮರಣದ ಕಾರಣ ಎಂಬ ಕಲಂನಲ್ಲಿ 'ಭಕ್ತಿ' ಎಂದು ಬರೆದರು. ವರದಿ ಅಂಗೀಕಾರವಾಯಿತು.

ಮುಂದೆ ಎಂಥ ಅಕ್ವೇರಿಯಂ ಇಡಬೇಕು ಎಂದು ತೀರ್ಮಾನಿಸಲು ಸಮಿತಿ ರಚನೆಯಾಯಿತು. ಇದೇನು ಸಣ್ಣ ವಿಷಯವಲ್ಲ. ಮಂಡಳಿಯ ನಿಯಮ ಹನ್ನೊಂದರ ಪ್ರಕಾರ, ಕಾಯುವ ಸಾರ್ವಜನಿಕರ ಮನಸ್ಸು ತಂಪಾಗಿಡಲು ಎದುರಿಗೆ ಮೀನು ಇರಲೇಬೇಕು. ಮೀನಿಲ್ಲದೆ ಯಾರನ್ನೂ ಕಾಯಿಸುವಂತಿಲ್ಲ. ಕಾಯಿಸದೆ ಅರ್ಜಿ ವಿಲೇವಾರಿ ಮಾಡಿದ ದಾಖಲೆ ನಮ್ಮಲ್ಲಿಲ್ಲ. ಆದ್ದರಿಂದ ಅಕ್ವೇರಿಯಂ ತೀರ್ಮಾನವಾಗುವವರೆಗೆ ಎಲ್ಲ ಅರ್ಜಿಗಳನ್ನೂ ಕಟ್ಟಿ ಬೀರುವಿನ ಮೇಲಿಟ್ಟೆವು.

ಕಟ್ಟಿನಲ್ಲಿ ಮೇಲಿದ್ದ ಅರ್ಜಿ ರಾಚಮ್ಮನದು. ನಾಲ್ಕು ಎಮ್ಮೆ ಸಾಕಿ ಡೈರಿಗೆ ಹಾಲು ಹಾಕುವ ಹೆಂಗಸು. ದಿನಾ ಡೈರಿಯಿಂದ ನೇರ ನಮ್ಮಲ್ಲಿಗೇ ಬರುತ್ತಿದ್ದರು.

"ಸಾ, ನಮ್ ಬೀದೀಗೆ ನಲ್ಲಿ ಯಾವಾಗ ಬತ್ತದೆ? ಸಂಕ್ರಾಂತಿ ಕಳುದ್ರೆ ನನ್ ಮಗ್ಳು ಶ್ವೇತ ಬಾಣಂತನಕ್ಕೆ ಬತ್ತಾವ್ಳೆ. ಬಾಣಂತಿಗೆ ದಿನಾ ಎರಡು ಅಂಡೆ ನೀರುಯ್ಯಬೇಕು. ಮಗೀಗೆ ಬೇರೆ. ನಂಗೆ ಮಂಡಿ ನೋವು, ಒಳೆಯಿಂದ ಎಷ್ಟೂಂತ ಒರ್ಲಿ?"

"ನಿಮ್ಮ ಬೀದಿಗೆ ನಲ್ಲಿ ಅಗತ್ಯವಿಲ್ಲ ಕಣಮ್ಮ. ನಕ್ಷೆ ನೋಡಿ," ಎಂದೆ.

ನಕ್ಷೆಯಲ್ಲಿ ಅವರ ಬೀದಿ ಕಪಿಲಾ ನದಿಯ ಮಧ್ಯದಲ್ಲಿದೆ. ಹಿಂದೆ ನಕ್ಷೆ ಬರೆದವರು ಕಾಗದ ಸಾಲದೆ ಹೊಳೆಯನ್ನು ಸ್ವಲ್ಪ ಎಡಕ್ಕೆ ಸರಿಸಿದ್ದರು. ನಲವತ್ತೆರಡು ಮನೆ ನೀರಿನೊಳಗೆ ಹೋಯಿತು. ನೀರಿನೊಳಗಿರುವವರಿಗೆ ನೀರು ಕೊಡಲು ಅವಕಾಶವಿಲ್ಲ.

"ನಾವು ನೀರೊಳಗಿದ್ರೆ ನಾನ್ಯಾಕೆ ಕೊಡ ಒತ್ಕೊಂಡು ಸಾಯ್ತಿದ್ದೆ ಸಾ?"

ಇದಕ್ಕೆ ಉತ್ತರ ಕೊಡುವುದು ಮೇಲಧಿಕಾರಿಗಳ ವ್ಯಾಪ್ತಿಗೆ ಬರುತ್ತದೆ. ಆಕೆಯ ಕಣ್ಣಲ್ಲಿ ನೀರು ಬಂದದ್ದು ನಿಜ, ನನಗೂ ಪಾಪ ಅನ್ನಿಸಿದ್ದು ನಿಜ. ಪಾಪ ಅನ್ನಿಸಿದ್ದನ್ನು ನಮೂದಿಸಲು ಕಡತದಲ್ಲಿ ಜಾಗವಿರಲಿಲ್ಲ.

ಸಮಿತಿ ಆರು ಸಲ ಸೇರಿತು. ಅಧ್ಯಕ್ಷರಾದ ಶಿವಸ್ವಾಮಿಯವರು ಮೊಟ್ಟೆಯನ್ನೂ ಮುಟ್ಟದವರು. ಕಾರ್ತಿಕದಲ್ಲಿ ಮೀನು ಎಂಬ ಪದವಿರುವ ಕಾಗದಕ್ಕೆ ಸಹಿ ಹಾಕಲು ಒಪ್ಪದ ಕಾರಣ, ಮೊದಲ ಎರಡು ಸಭೆಗಳು ಆ ಪದವನ್ನು 'ಜಲವಾಸಿ' ಎಂದು ತಿದ್ದುವುದರಲ್ಲೇ ಮುಗಿದವು. ಮೂರನೇ ಸಭೆಯಲ್ಲಿ ನಂಜೇಶ್ ಸಮುದ್ರದ ಅಕ್ವೇರಿಯಂ ಸೂಚಿಸಿದರು. ಉಪ್ಪು ಅಡುಗೆ ಸಾಮಾನಾದ್ದರಿಂದ ಅದರ ಖರೀದಿ ನಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಕೈಬಿಡಲಾಯಿತು. ಪ್ಲಾಸ್ಟಿಕ್ ಜಲವಾಸಿ ಇಟ್ಟರೆ ಸಾಯುವ ಪ್ರಶ್ನೆಯೇ ಇಲ್ಲ ಎಂದು ನಾನು ಹೇಳಿದೆ. ಸತ್ತರೆ ತಾನೇ ಮತ್ತೆ ಸಮಿತಿ ಸೇರಲು ಸಾಧ್ಯ ಎಂದು ಅಧ್ಯಕ್ಷರು ಕೇಳಿದರು. ಅವರ ದೂರದೃಷ್ಟಿಗೆ ನಾನು ತಲೆಬಾಗಿದೆ. ಗಿಡಗಳ ಅಕ್ವೇರಿಯಂ, ನೀರಿಲ್ಲದ ಅಕ್ವೇರಿಯಂ, ಬರೀ ದೀಪದ ಅಕ್ವೇರಿಯಂ, ಎಲ್ಲವೂ ಚರ್ಚೆಗೆ ಬಂದವು. ನೀರಿಲ್ಲದ್ದಕ್ಕೆ ಒಳ್ಳೆಯ ಬೆಂಬಲವಿತ್ತು.

ಆರನೇ ಸಭೆಯಲ್ಲಿ ನಂಜೇಶ್ ಎರಡು ಷರತ್ತು ಮುಂದಿಟ್ಟರು. ಹೊಸ ಅಕ್ವೇರಿಯಂ ಭಕ್ತರಿಂದ ದೂರವಿರಬೇಕು. ಮತ್ತು ನಂಜನಗೂಡಿನ ಕೇಂದ್ರ ಕಚೇರಿಯ ಸುತ್ತೋಲೆಯಂತೆ ಅದಕ್ಕೆ ಪ್ರತ್ಯೇಕ ಪೈಪು, ದಿನದ ಇಪ್ಪತ್ನಾಲ್ಕು ಗಂಟೆಯೂ ನೀರು ಇರಬೇಕು.

ಬಾಗಿಲ ಬಳಿ ನಿಂತು ಕೇಳುತ್ತಿದ್ದ ರಾಚಮ್ಮ ಒಳಗೆ ಬಂದರು.

"ಮೀನಿಗೆ ಇಪ್ಪತ್ನಾಕು ಗಂಟೆ ನೀರು ಬುಡ್ತೀರಾ ಸಾ?"

"ಜಲವಾಸಿಗೆ," ಎಂದು ಅಧ್ಯಕ್ಷರು ತಿದ್ದಿದರು.

"ಅಂಗಾರೆ ಆ ಗಾಜಿನ ಪೆಟ್ಗೆ ನಮ್ಮನೇಲಿ ಮಡಗಿ. ನಮ್ಮನೆ ಒಳೆ ಒಳ್ಗೇ ಅದೆ ಅಂತ ಈ ಗುಮಾಸ್ತಯ್ಯನೇ ಏಳವ್ರೆ. ಮೀನಿಗೆ ಇದ್ಕಿಂತ ಒಳ್ಳೆ ಜಾಗ ಇನ್ನೆಲ್ಲಿ ಸಿಕ್ಕದು?"

ನಂಜೇಶ್ ನಕ್ಷೆ ಬಿಡಿಸಿದರು. ಹೊಳೆಯ ನಟ್ಟನಡುವೆ ರಾಚಮ್ಮನ ಮನೆ ಚೊಕ್ಕವಾಗಿ ಕಾಣುತ್ತಿತ್ತು. ಸಹಜ ಪರಿಸರದಲ್ಲಿನ ಅಕ್ವೇರಿಯಂ ಎಂಬ ಹೊಸ ಮಾದರಿಗೆ ಒಮ್ಮತದ ಒಪ್ಪಿಗೆ ದೊರೆಯಿತು. ನಿಯಮ ಹನ್ನೊಂದಕ್ಕೆ ಧಕ್ಕೆ ಬಾರದಂತೆ ಕಾಯುವ ಬೆಂಚನ್ನೂ ಅವರ ಜಗಲಿಗೇ ಸಾಗಿಸಲಾಯಿತು.

ಮೂರೇ ದಿನದಲ್ಲಿ ಪೈಪು ಬಂತು. ಮಂಡಳಿಯ ಇತಿಹಾಸದಲ್ಲಿ ಇಷ್ಟು ಬೇಗ ಯಾರಿಗೂ ನೀರು ಕೊಟ್ಟಿರಲಿಲ್ಲ. ತೊಟ್ಟಿಯನ್ನು ನಡುಮನೆಯಲ್ಲಿಟ್ಟು, ಮೇಲೊಂದು ಸೂಚನೆ ಅಂಟಿಸಿದೆ: "ಈ ನೀರು ಜಲವಾಸಿಗಳ ಉಪಯೋಗಕ್ಕೆ ಮಾತ್ರ. ಮನುಷ್ಯರು ಬಳಸಿದ್ದು ಕಂಡುಬಂದಲ್ಲಿ ಸಂಪರ್ಕ ಕಡಿತಗೊಳಿಸಲಾಗುವುದು." ಮೀನು ಕೊಡಲಾಗಲಿಲ್ಲ. ಮೀನು ಖರೀದಿಗೆ ಬೇರೆ ಸಮಿತಿ ಬೇಕು.

ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ ಶ್ವೇತಳಿಗೆ ಹೆಣ್ಣುಮಗುವಾಯಿತು. ತಾಯಿ ಮಗು ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ, ಕೇಂದ್ರ ಕಚೇರಿಯ ತಪಾಸಣಾಧಿಕಾರಿ ರುದ್ರಾಣಿ ಮೇಡಂ ಮುನ್ಸೂಚನೆಯಿಲ್ಲದೆ ನರಸೀಪುರಕ್ಕೆ ಬಂದಿಳಿದರು. ಒಂದೇ ಒಂದು ತಪ್ಪು ಸಿಕ್ಕರೂ ಪೈಪು ಕತ್ತರಿಸುವವರು ಎಂಬ ಹೆಸರು ಅವರಿಗಿತ್ತು. ನಾನೇ ಕರೆದೊಯ್ಯಬೇಕಾಯಿತು.

ಒಳಗೆ ಕಾಲಿಟ್ಟರೆ ಬಚ್ಚಲ ಒಲೆ ಉರಿಯುತ್ತಿದೆ, ಹಂಡೆ ಕುದಿಯುತ್ತಿದೆ. ಶ್ವೇತ ತಲೆಗೆ ಬಟ್ಟೆ ಸುತ್ತಿ ಮಂಚದ ಮೇಲೆ ಕೂತಿದ್ದಾಳೆ. ರಾಚಮ್ಮ ಮಣೆಯ ಮೇಲೆ ಕಾಲು ಚಾಚಿ, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ನೀರುಯ್ಯುತ್ತಿದ್ದಾರೆ. ತೊಟ್ಟಿ ಖಾಲಿ.

"ಜಲವಾಸಿ ಎಲ್ಲಿ?" ಎಂದರು ಮೇಡಂ.

ರಾಚಮ್ಮನ ಕೈಯಲ್ಲಿದ್ದ ಚೊಂಬು ನಿಂತಿತು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ನೀರು ನಿಂತಿದ್ದಕ್ಕೆ ಮಗು ಕಿರುಚತೊಡಗಿತು.

"ಇದೇ ಕಣವ್ವ," ಎಂದರು ರಾಚಮ್ಮ. "ನೀರು ನಿಂತ್ರೆ ಒದ್ದಾಡ್ತದೆ, ನೋಡಿ."

ಮೇಡಂ ಮಣೆಯ ಹತ್ತಿರ ಬಂದರು. ಎರಡು ಹೆತ್ತವರು ಅವರು. ಕುಕ್ಕರಗಾಲಲ್ಲಿ ಕೂತು ಮಗುವಿನ ಅಂಗಾಲು ಮುಟ್ಟಿದರು. ಆಮೇಲೆ ತಪಾಸಣಾ ನಮೂನೆ ತೆಗೆದು ಒಂದೊಂದೇ ಕಲಂ ತುಂಬಿದರು. ಹಲ್ಲು: ಇಲ್ಲ. ಕೂದಲು: ವಿರಳ. ಬಾಯಿ: ತೆರೆದು ಮುಚ್ಚುತ್ತದೆ. ಷರಾ: ಮರಿ ಒಂದು, ಆರೋಗ್ಯವಾಗಿದೆ, ತಾಯಿ ಜಲವಾಸಿಗೂ ಬಿಸಿನೀರು ಅವಶ್ಯ, ಸರಬರಾಜು ಹೆಚ್ಚಿಸುವುದು.

"ನೀರುಯ್ಯಿ ತಾಯಿ, ಮಗೀಗೆ ಶೀತ ಆಗುತ್ತೆ," ಎಂದು ಹೇಳಿ ಹೊರಟರು.

ವಿಷಯ ಬೀದಿಗೆಲ್ಲ ತಿಳಿಯಲು ಅರ್ಧ ಗಂಟೆ ಸಾಕಾಯಿತು. ಉಳಿದ ನಲವತ್ತೊಂದು ಮನೆಯವರೂ ತಮ್ಮಲ್ಲಿರುವ ಜಲವಾಸಿಗಳ ಪಟ್ಟಿ ಸಲ್ಲಿಸಿದರು. ಎಲ್ಲರಿಗೂ ಪೈಪು ಮಂಜೂರಾಯಿತು. ಹೊಳೆಯ ಹೊರಗಿರುವ ಬೀದಿಗಳವರು ಮಾತ್ರ, ನಮಗೇಕೆ ಈ ಅನ್ಯಾಯ ಎಂದು ಕಚೇರಿ ಮುಂದೆ ಧರಣಿ ಕೂತರು. ಅಧ್ಯಕ್ಷರು ನಕ್ಷೆ ತರಿಸಿ, ಅರ್ಜಿ ಕೊಟ್ಟ ಬೀದಿಗಳತ್ತ ಹೊಳೆಯನ್ನು ಹಂತಹಂತವಾಗಿ ಸರಿಸಲು ಆದೇಶಿಸಿದ್ದಾರೆ. ಈಗ ಪಟ್ಟಣದಲ್ಲಿ ಮನುಷ್ಯರಾಗಿ ಬಾಕಿ ಇರುವವರು ಕೆಲವೇ ಮಂದಿ.

ನಮ್ಮ ಬೀದಿಯ ಸರದಿ ಕಳೆದ ಶುಕ್ರವಾರ ಬಂತು. ಹತ್ತೊಂಬತ್ತು ವರ್ಷ ಊರಿಗೆಲ್ಲ ನೀರಿನ ಕಡತ ಬರೆದ ನನ್ನ ಮನೆಗೂ ಈಗ ನಲ್ಲಿಯಿದೆ. ನಮೂನೆಯನ್ನು ನಾನೇ ತುಂಬಿದೆ: ದೊಡ್ಡವು ಎರಡು, ವಯಸ್ಸಾದದ್ದು ಒಂದು. ವಯಸ್ಸಾದದ್ದು ನನ್ನ ತಾಯಿ. ಓದಿ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ನೀರು ಎಷ್ಟೊತ್ತಿಗೆ ಬರುತ್ತದೆ ಎಂದಷ್ಟೇ ಕೇಳಿ, ಎಡಗೈ ಹೆಬ್ಬೆಟ್ಟು ಚಾಚಿದರು.