ಆ ಹೆಂಗಸು ಬದುಕುತ್ತಾಳಾ?

ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿಯುವವನು ನಗುವಂಥದ್ದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಾಗಿಲು ತೆಗೆದರೆ ಅದೇ ಆಚೆ ಬರುತ್ತದೆ.

ಕೊಳ್ಳೇಗಾಲದಲ್ಲಿ ಇಪ್ಪತ್ತೈದು ವರ್ಷದಿಂದ ಇದೇ ನನ್ನ ಕೆಲಸ. ಒಂದು ಪಿಕ್ಚರನ್ನೂ ಪೂರ್ತಿ ನೋಡಿರಲಿಲ್ಲ. ಬಾಗಿಲು ಬಿಟ್ಟು ಹೋಗುವ ಹಾಗಿಲ್ಲ. ಕತೆಯೆಲ್ಲ ಹೆಂಡತಿ ಹೇಳುತ್ತಿದ್ದಳು. ಮ್ಯಾಟ್ನಿ ನೋಡುವಳು, ರಾತ್ರಿ ಮುದ್ದೆ ಇಕ್ಕುತ್ತಾ ಹೇಳುವಳು. ಹೋದ ವರ್ಷ ಆಪರೇಷನ್ ಅಂತ ಒಳಗೆ ಹೋದಳು. ಬದುಕಿ ಆಚೆ ಬರಲಿಲ್ಲ. ಅಲ್ಲೂ ನಾನು ಬಾಗಿಲಲ್ಲೇ ನಿಂತಿದ್ದೆ.

ಮೊನ್ನೆ ಬಂದದ್ದು ಆಸ್ಪತ್ರೆ ದೆವ್ವದ ಪಿಕ್ಚರು. ಪೋಸ್ಟರಲ್ಲಿ ಟೇಬಲ್ ಮೇಲೆ ಒಬ್ಬಳು ಹೆಂಗಸು ಮಲಗಿದ್ದಾಳೆ. ಸುತ್ತ ರಕ್ತ. ಅವಳು ಬದುಕುತ್ತಾಳಾ ಇಲ್ಲವಾ, ಅಷ್ಟು ಗೊತ್ತಾಗಬೇಕಿತ್ತು ನನಗೆ. ಒಳಗೆ ಇಣುಕುವ ಧೈರ್ಯವಿಲ್ಲ. ಆಚೆ ಬಂದವರನ್ನು ಕೇಳಿದೆ.

ಹೊಲಿಗೆ

ಮೊದಲು ಬಂದವರು ರೇಷ್ಮೆ ಸೀರೆ ನೇಯುವ ಯಜಮಾನರು.

'ಹೆಂಗಿತ್ತಣ್ಣ? ಆ ಹೆಂಗಸು ಬದುಕುದ್ಲಾ?'

'ದಂಡ ಕಣಯ್ಯ. ಡಾಕ್ಟ್ರು ಹೊಟ್ಟೆ ಕುಯ್ದವ್ನೆ, ಸರಿ. ಹೊಲಿಯೋದು ಹಿಂಗಾ? ಎಳೆ ಕಡಿದ್ರೆ ನಾವು ಹೆಂಗೆ ಸೇರುಸ್ತೀವಿ, ನೋಡಿಲ್ಲಿ.'

ಟವೆಲಿನಿಂದ ಎರಡು ಎಳೆ ಕಿತ್ತರು. ಬೆರಳಲ್ಲೇ ಹೊಸೆದು ಕೊಟ್ಟರು. ಗಂಟು ಎಲ್ಲಿದೆ ಅಂತ ಬೆಳಕಿಗೆ ಹಿಡಿದೆ. ಸಿಗಲಿಲ್ಲ. ಇಂಥ ಕೈಯೂ ಉಂಟಾ ಅನ್ನಿಸಿತು.

'ಹೊಕ್ಕುಳು ಅರ್ಧ ಆಕಡೆ, ಅರ್ಧ ಈಕಡೆ' ಅಂದರು. 'ಬಾರ್ಡರ್ ಸೇರ್ಸಕ್ಕೆ ಬರ್ದೇ ಇರೋನು ಸೀರೆ ಯಾಕಯ್ಯ ಮುಟ್ಟುದ?'

ಚಪ್ಪಲಿ

ಹನೂರಿನ ಒಬ್ಬ ಅಜ್ಜಿ. ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು.

'ರಕ್ತ ನೋಡಿ ಹೆದರ್ಕೆ ಆಗ್ಲಿಲ್ವಾ ಅವ್ವ?'

'ರಕ್ತಕ್ಕೇನು? ಬೀದಿ ಚಪ್ಪಲಿ ಹಾಕಂಡು ಆಪರೇಷನ್ ರೂಮಿಗೆ ಓದ್ನಲ್ಲಾ ಡಾಕ್ಟ್ರು, ಆಗ ಎದೆ ಧಸಕ್ ಅಂತು! ಅಷ್ಟು ರಕ್ತ ಚೆಲ್ಲವ್ರೆ, ಒರ್ಸಕ್ಕೆ ಒಂದು ಆಯಾನೂ ಇಟ್ಟಿಲ್ಲ.'

'ಆ ಹೆಂಗಸು...'

'ದೆವ್ವ ಒಂದೇ ಕಣಪ್ಪ ಬರಿಗಾಲಲ್ಲಿ ಬಂದದ್ದು. ಅದಕ್ಕಿರೋ ಬುದ್ಧಿ ಡಾಕ್ಟ್ರಿಗಿಲ್ಲ.'

ಉಘೇ

ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟ ಹತ್ತು ಜನ, ಕಾಲು ನೋವು ಅಂತ ಫ್ಯಾನಿನ ಗಾಳಿಗೆ ಬಂದು ಕೂತರು. ದೆವ್ವ ಚಾಕು ಎತ್ತಿಕೊಂಡು ಆ ಹೆಂಗಸಿನ ಮೇಲೆ ಬಂತಂತೆ. ಅವರಲ್ಲಿ ಹಿರಿಯರು ತಡೆಯಲಾರದೆ ಎದ್ದು ನಿಂತು ಕೂಗಿದರು.

'ಉಘೇ ಮಾದಪ್ಪಾ!'

ಅದು ಕಿವಿಗೆ ಬಿದ್ದ ಮೇಲೆ ನಮ್ಮ ಕಡೆಯವರು ಸುಮ್ಮನೆ ಕೂರುವುದುಂಟೆ? ಇಡೀ ಟಾಕೀಸು 'ಉಘೇ ಉಘೇ' ಅಂತು. ಬಾಗಿಲಾಚೆ ನಾನೂ ಅಂದೆ. ಮೈ ಜುಂ ಅಂತು. ಆ ಗಳಿಗೆಗೇ ಕರೆಂಟು ಹೋಯಿತು.

ಜನರೇಟರ್ ಹಾಕುವಷ್ಟರಲ್ಲಿ ಹತ್ತೂ ಜನ ಆಚೆ ಬಂದರು. ನಾನು ಕೇಳಿದೆ, 'ಸಾ, ಆ ಹೆಂಗಸು ಏನಾದ್ಲು ನೋಡದೆ ಓಯ್ತೀರಾ?'

'ದೆವ್ವಾನೇ ಇಲ್ವಲ್ಲಪ್ಪ, ಇನ್ನೇನು ನೋಡೋದು? ಆ ಹೀರೋ ಎರಡು ಗಂಟೆಯಿಂದ ಒದ್ದಾಡ್ತಾವ್ನೆ. ನಮ್ಮ ಮಾದಪ್ಪ ಒಂದೇ ಏಟಿಗೆ ಫ್ಯೂಸ್ ಕಿತ್ತಾಕ್ದ!'

ಕೊನೇ ಮ್ಯಾಟ್ನಿ

ಬುಧವಾರ ಒಳಗೆ ಹೋಗೇಬಿಟ್ಟೆ. ಹಿಂದಿನ ಗೋಡೆಗೆ ಒರಗಿ ನಿಂತು ನೋಡಿದೆ. ಹೆಂಗಸು ಕೊನೆಯಲ್ಲಿ ಸತ್ತಳು. ಹೊಲಿಗೆ ನಿಜವಾಗಲೂ ಸರಿಯಿರಲಿಲ್ಲ.

ಹಿಂದೊಮ್ಮೆ ಹೆಂಡತಿ ಒಂದು ಪಿಕ್ಚರಿನ ಕತೆ ಹೇಳಿದ್ದಳು. ಅದರಲ್ಲಿ ತಾಯಿ ಬದುಕುತ್ತಾಳೆ ಅಂದಳು. ನಾನು ಬಾಗಿಲಲ್ಲಿ ಎಲ್ಲರಿಗೂ ಹಾಗೇ ಹೇಳಿದೆ. ನೋಡಿ ಬಂದವರು ನನ್ನನ್ನು ಹೊಡೆಯುವುದೊಂದು ಬಾಕಿ. ಮನೆಗೆ ಹೋಗಿ ಕೇಳಿದರೆ, 'ನೀವು ಉಣ್ಣೋವಾಗ ಯಾಕೆ ಸಾಯ್ಸೋದು ಅಂತ ಬದುಕಿಸ್ಬುಟ್ಟೆ, ಬುಡಿ' ಅಂದಳು.

ಗುರುವಾರ ಪಿಕ್ಚರಿಗೆ ಕೊನೇ ದಿನ. ಮಾರ್ನಿಂಗ್ ಶೋಗೆ ಮಾಂಬಳ್ಳಿಯ ಒಬ್ಬಾಕೆ ಬಂದಳು. ಪೋಸ್ಟರ್ ಮುಂದೆ ನಿಂತೇ ಇದ್ದಳು.

'ಅಣ್ಣಾ, ಈಯಮ್ಮ ಬದುಕ್ತಾಳಾ?'

ಇಷ್ಟು ದಿನದಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ.

'ಬದುಕ್ತಾಳೆ ಕಣವ್ವ, ಓಗು' ಅಂದೆ.

ಸೆರಗಲ್ಲಿ ಮೂಗು ಒರೆಸುತ್ತಾ ಆಚೆ ಬಂದಳು. 'ಸತ್ತೋದ್ಲಲ್ಲಣ್ಣ!'

ಬಾಯಿಗೆ ಬಂದದ್ದು ಹೇಳಿದೆ. 'ಇದು ಮಾರ್ನಿಂಗ್ ಶೋ ಕಣವ್ವ. ಮ್ಯಾಟ್ನೀಲಿ ಬದುಕ್ತಾಳೆ.'

ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೌಂಟರಿಗೆ ಹೋಗಿ ಇನ್ನೊಂದು ಟಿಕೆಟ್ ತಂದು ನನ್ನ ಮುಂದೆ ಹಿಡಿದಳು.

ಹರಿದು ಕೊಟ್ಟೆ.

ಒಳಗೆ ಅವಳೂ ಸೇರಿ ಆರು ಜನ. ಈ ಸಲ ನಾನು ಮೇನ್ ಸ್ವಿಚ್ಚಿನ ಹತ್ತಿರ ನಿಂತೆ. ದೆವ್ವ ಚಾಕು ಎತ್ತಿತು. ಫ್ಯೂಸ್ ಕಿತ್ತೆ. ಕತ್ತಲಲ್ಲಿ ನಾನೇ ಕೂಗಿದೆ, 'ಉಘೇ ಮಾದಪ್ಪಾ!'

ಆರೂ ಜನ 'ಉಘೇ ಉಘೇ' ಅಂದರು.

'ಬದುಕುದ್ಲು! ಮುಗೀತು, ಎಲ್ಲಾ ಮನೆಗೋಗಿ' ಅಂದೆ.

ಅವಳು ಕೊನೆಗೆ ಬಂದಳು. ಬಾಗಿಲಲ್ಲಿ ನಿಂತು ಹೇಳಿದಳು:

'ಈಗ ಚೆನ್ನಾಗಿತ್ತು ಕಣಣ್ಣ ಪಿಕ್ಚರ್ರು. ಬೆಳಗ್ಗೆ ಯಾರೋ ಕೆಡಿಸ್ಬುಟ್ಟಿದ್ರು.'