ಗಾಡಿಯಾಗ ಬಂದ ಅಳಿಯ

ಸೊಲ್ಲಾಪುರದಲ್ಲಿ ನಲವತ್ತು ದಾಟಿದ ಗಂಡಸು ಬೆಳಗಿನ ಹೊತ್ತು ಓಡುತ್ತಿದ್ದರೆ ಅವನ ಹಿಂದೆ ನಾಯಿ ಇರಬೇಕು, ಇಲ್ಲವೇ ಮುಂದೆ ರೈಲು ಇರಬೇಕು. ಎರಡೂ ಇಲ್ಲದೆ ಓಡುವವನಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ನನಗೆ ಎರಡು ಚಳಿಗಾಲಗಳಿಂದ ಆಗುತ್ತಿದೆ.

ನಾನು ಟವೆಲ್ ವ್ಯಾಪಾರಿ. ದಿನವಿಡೀ ಗಾದಿಯ ಮೇಲೆ ಕೂತೇ ಇರುವ ಕೆಲಸ. ಡಾಕ್ಟರು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆ ಬಾಗಿಲ ತನಕ ಬಂದಿದೆ, ದಿನಾ ನಡೆಯಿರಿ ಎಂದರು. ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿರುವ ನನ್ನ ಗೆಳೆಯ, "ನಡ್ಯೂದ್ರಾಗ ಏನೈತಿ, ಓಡೂಣು ನಡಿ" ಎಂದ. ಅವನ ಮಾತು ಕೇಳಿ ಹೋದ ವರ್ಷ ಜನವರಿಯಲ್ಲಿ ಊರಿನ ಹಾಫ್ ಮ್ಯಾರಥಾನಿಗೆ ಹೆಸರು ಕೊಟ್ಟೆ. ಇಪ್ಪತ್ತೊಂದು ಕಿಲೋಮೀಟರು, ಮೂರು ತಾಸಿನ ಗಡುವು. ಗಡುವಿನೊಳಗೆ ಮುಟ್ಟಿದವರಿಗೆಲ್ಲ ಒಂದೊಂದು ಮೆಡಲು. ಮುಟ್ಟಲಾರರು ಎನಿಸಿದವರನ್ನು ಹಿಂದಿನಿಂದ ಬರುವ ಒಂದು ಗಾಡಿ ಹತ್ತಿಸಿಕೊಂಡು ಬರುತ್ತದೆ.

ನಾನು ಆ ಗಾಡಿಯಲ್ಲಿ ಬಂದೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅಕ್ಕಲಕೋಟೆಯಿಂದ ನನ್ನ ಹೆಂಡತಿಯ ತವರಿನವರೆಲ್ಲ ಹೂವಿನ ಹಾರ ಹಿಡಿದುಕೊಂಡು ಕೊನೆಯ ಗೇಟಿನ ಹತ್ತಿರ ನಿಂತಿದ್ದರು. ಗಾಡಿ ಸರಿಯಾಗಿ ಅವರ ಮುಂದೆಯೇ ನಿಂತಿತು. ನಾನು ಇಳಿದೆ. ಮಾವನವರು ಹಾರವನ್ನು ಹಿಂದಕ್ಕೆ ಹಿಡಿದು, "ಓಡಿ ಹೋದವ್ರು ಗಾಡಿಯಾಗ ಬಂದ್ರಲ್ರಿ, ಅಳಿಯಂದ್ರ?" ಎಂದರು.

ಅಂದಿನಿಂದ ತವರಿನ ಕಡೆ ಯಾವ ಲಗ್ನಕ್ಕೆ, ಯಾವ ತೊಟ್ಟಿಲಿಗೆ ಹೋದರೂ ಇದೇ ಮಾತು. "ಇವ್ರೇನ್ರಿ ಗಾಡಿಯಾಗ ಬಂದವ್ರು?" ನನ್ನ ಹೆಂಡತಿ ಎಲ್ಲರೊಂದಿಗೆ ನಕ್ಕು, ಮನೆಗೆ ಬಂದ ಮೇಲೆ ಸುಮ್ಮನಾಗುತ್ತಿದ್ದಳು. ಈ ಸಲ ಏನೇ ಆಗಲಿ, ನನ್ನ ಕಾಲ ಮೇಲೆ, ಗೇಟು ಮುಚ್ಚುವ ಮೊದಲು ಮುಟ್ಟಲೇಬೇಕು ಎಂದು ದೀಪಾವಳಿ ಮುಗಿದ ಮರುದಿನದಿಂದಲೇ ಶುರು ಮಾಡಿದೆ.

ಅತಿ ವೇಗದ ಕಿಲೋಮೀಟರು

ಮೊದಲ ವಾರವೇ, ನನಗೆ ಮಾಲು ಕೊಡುವ ಪವರ್‌ಲೂಮಿನ ಮಾಲೀಕರು ಸ್ಕೂಟರ್ ನಿಲ್ಲಿಸಿದರು.

"ಏನಾತ್ರಿ ಸಾವಕಾರ್ರ, ಗಾಡಿ ಕೆಟ್ಟೈತೇನು?"

"ಇಲ್ರಿ, ಓಡಾಕತ್ತೀನಿ."

"ಅದು ಕಾಣ್ತೈತ್ರಿ. ಎಲ್ಲಿಗಿ?"

"ಎಲ್ಲಿಗೂ ಇಲ್ರಿ. ಹಿಂಗ ಹೋಗಿ ಹೊಳ್ಳಿ ಮನಿಗೇ ಬರ್ತೀನಿ."

ಅವರು ದನಿ ತಗ್ಗಿಸಿ, "ಮನ್ಯಾಗ ಏನರ ಜಗಳ ಆಗೈತೇನ್ರಿ?" ಎಂದು ಕೇಳಿದರು. ಇಲ್ಲ ಎಂದೆ. ಇಲ್ಲ ಎಂದಷ್ಟೂ ಅವರಿಗೆ ಸಂಶಯ ಗಟ್ಟಿಯಾಯಿತು. "ಏನ ಇರ್ಲಿ, ಮೊದ್ಲು ಕುಂಡರ್ರಿ" ಎಂದು ಕೈ ಹಿಡಿದು ಎಳೆದರು. ಮಾಲು ಕೊಡುವವರ ಸ್ಕೂಟರಿಗೆ ಬೇಡ ಎನ್ನುವ ಧೈರ್ಯ ನಮ್ಮ ಪೇಟೆಯಲ್ಲಿ ಯಾರಿಗೂ ಇಲ್ಲ. ಹತ್ತಿ ಕೂತೆ. ಮನೆಯ ಮೂಲೆಗೆ ಇಳಿಸಿ, "ಹೆಂಗ್ಸ್ರು ಒಂದ್ ಮಾತ್ ಅಂದ್ರ ಅನ್ಲಿ ಬಿಡ್ರಿ" ಎಂದು ಬುದ್ಧಿ ಹೇಳಿ ಹೋದರು.

ಓಟ ಅಳೆಯುವ ಆ್ಯಪ್ ಕಿಸೆಯಲ್ಲಿದ್ದ ಮೊಬೈಲಿನಲ್ಲಿ ನಡೆದೇ ಇತ್ತು. ಇದು ನಿಮ್ಮ ಜೀವನದ ಅತಿ ವೇಗದ ಕಿಲೋಮೀಟರು, ಅಭಿನಂದನೆಗಳು ಎಂದು ಅದು ಗೆಳೆಯರಿಗೆಲ್ಲ ಸಾರಿಬಿಟ್ಟಿತು. ಕ್ಯಾಶಿಯರ್ ಕೂಡಲೇ ಬರೆದ: "ಇವತ್ತ ಏನ್ ತಿಂದಿಯೋ ಮಾರಾಯಾ?"

ಪೆಟ್ರೋಲ್ ಎಂದು ಉತ್ತರ ಬರೆದೆ.

ಚಡ್ಡಿಯ ಪ್ರಶ್ನೆ

ಓಡುವ ಚಡ್ಡಿ ಮೊಣಕಾಲಿನ ಮೇಲೆ ನಿಲ್ಲುತ್ತದೆ. ನನ್ನ ಹೆಂಡತಿ ಅದನ್ನು ಬೆಳಕಿಗೆ ಹಿಡಿದು ನೋಡಿ, "ಮಗಳಿಗಿ ವರ ನೋಡಾಕತ್ತೀವಿ. ನೀವು ಹಿಂಗ ಓಣ್ಯಾಗ ಹಾದ್ರ ಯಾರ್ ಬರ್ತಾರ್ರಿ?" ಎಂದಳು. ಓಣಿ ದಾಟುವ ತನಕ ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಹೋಗಿ, ಮೂಲೆಯ ಚಹಾದ ಅಂಗಡಿಯಲ್ಲಿ ಬಿಚ್ಚಿಟ್ಟು, ಬರುವಾಗ ಸುತ್ತಿಕೊಂಡು ಬರುವುದೆಂದು ಒಪ್ಪಂದವಾಯಿತು.

ಒಂದು ದಿನ ಚಹಾದ ಅಂಗಡಿ ಮುಚ್ಚಿತ್ತು. ಟವೆಲ್ ಸುತ್ತಿಕೊಂಡೇ ಸ್ಟೇಷನ್ ರಸ್ತೆಯಲ್ಲಿ ಓಡಿದೆ. ಪುಣೆಯ ಗಾಡಿ ಆಗಷ್ಟೇ ಬಂದಿತ್ತು. ಇಳಿದ ಜನರಲ್ಲಿ ಮಾಲು ಖರೀದಿಗೆ ಬಂದ ಒಬ್ಬ ವ್ಯಾಪಾರಿ ನನ್ನ ಪಕ್ಕದಲ್ಲೇ ಸ್ವಲ್ಪ ದೂರ ಓಡಿ ಬಂದು, ಟವೆಲಿನ ಅಂಚು ಬೆರಳಲ್ಲಿ ಹಿಡಿದು ನೋಡಿ, "ಇದು ಯಾರ ಮಾಲ್ರಿ?" ಎಂದು ಕೇಳಿದ. ನಮ್ಮದೇ ಎಂದೆ. ಅಂಗಡಿಯ ಗುರುತು ಕೇಳಿಕೊಂಡು ಹೋದವನು ಹನ್ನೊಂದಕ್ಕೆ ಸರಿಯಾಗಿ ಬಂದು ದೊಡ್ಡ ಆರ್ಡರ್ ಕೊಟ್ಟ.

ಈಗ ನನ್ನ ಹೆಂಡತಿಯೇ ದಿನಾ ಬೇರೆ ಬೇರೆ ಬಣ್ಣದ್ದು ತೆಗೆದಿಡುತ್ತಾಳೆ.

ಬೂಟು ಮುಂದೆ ಹೋಯಿತು

ಅಕ್ಕಲಕೋಟೆಯ ರಸ್ತೆಯಲ್ಲಿ ಗುರುವಾರ ಓಡಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ಅಲ್ಲಿಯ ಸ್ವಾಮಿಗಳ ಸಮಾಧಿಯ ದರ್ಶನಕ್ಕೆ ಅಂದು ಎಷ್ಟೋ ಮಂದಿ ಬರಿಗಾಲಲ್ಲಿ ನಡೆದು ಹೋಗುತ್ತಾರೆ. ಆ ರಸ್ತೆಯಲ್ಲಿ ಕಾಲ ಮೇಲೆ ಇರುವವರೆಲ್ಲ ಭಕ್ತರೇ.

ಬಾಳೆಹಣ್ಣು ಹಂಚುತ್ತಿದ್ದ ಹೆಣ್ಣುಮಗಳೊಬ್ಬಳು ಅಡ್ಡ ನಿಂತಳು. "ಏನ್ ಹರಕಿರಿ ಅಣ್ಣಾರ?"

"ಹರಕಿ ಏನಿಲ್ಲವಾ. ಸಕ್ರಿ ರೋಗ ಬರಬಾರ್ದಂತ ಓಡಾಕತ್ತೀನಿ."

"ಅದ ಹರಕಿ ಅಲ್ಲೇನ್ರಿ ಮತ್ತ?" ಎಂದು ಎರಡು ಬಾಳೆಹಣ್ಣು, ಒಂದು ಪೇಢೆ ಕೈಗಿಟ್ಟು, ತಿನ್ನುವ ತನಕ ನಿಂತು ನೋಡಿದಳು.

ಮುಂದೆ ಮರಾಠಿ ಮಾತಾಡುವ ಒಂದು ಗುಂಪು ಸಿಕ್ಕಿತು. ಅದರಲ್ಲಿದ್ದ ಮುದುಕಿ ನನ್ನ ಕಾಲು ನೋಡಿ, "ಮಾವುಲಿ, ಸ್ವಾಮೀಂಚ್ಯಾ ವಾಟೇವರ ಬೂಟ?" ಎಂದಳು. ಸ್ವಾಮಿಗಳ ದಾರಿಯ ಮೇಲೆ ಬೂಟೇ ಎಂದು. ಬೈದಿದ್ದರೆ ಓಡಿಬಿಡುತ್ತಿದ್ದೆ, ಆಕೆ ಬೈಯಲಿಲ್ಲ, ಕಣ್ಣಲ್ಲಿ ನೀರು ತಂದಳು. ಬಿಚ್ಚಿದೆ. ಈ ಗುಂಪು ದಾಟಿದ ಮೇಲೆ ಹಾಕಿಕೊಂಡರಾಯಿತು ಎಂದು ಕೈಯಲ್ಲಿ ಹಿಡಿದಿದ್ದೆ. ಆದರೆ ಅವರಲ್ಲೊಬ್ಬ ಬಲು ಉಪಕಾರಿ. "ನಿಮಗ್ಯಾಕ್ರಿ ಭಾರ?" ಎಂದು ನನ್ನ ಬೂಟು ಕಸಿದು, ಅವರ ಗಂಟುಮೂಟೆ ಹೊತ್ತು ಹೊರಟಿದ್ದ ಟೆಂಪೋದೊಳಗೆ ಒಗೆದ. ಟೆಂಪೋ ಧೂಳೆಬ್ಬಿಸಿ ಹೋಯಿತು.

"ಅದು ಎಲ್ಲಿ ನಿಲ್ತೈತ್ರಿ?"

"ಅಕ್ಕಲಕೋಟ್ಯಾಗ."

ಇನ್ನೂ ಇಪ್ಪತ್ತೈದು ಕಿಲೋಮೀಟರು. ಬೂಟು ಹೊಸದು. ಎಸ್.ಟಿ. ಬಸ್ಸಿಗೆ ಕೈ ಮಾಡಿದೆ.

ಮಾವನವರು ಬೆಳಗ್ಗೆ ಅಕ್ಕಲಕೋಟೆಯ ಬಸ್‌ಸ್ಟ್ಯಾಂಡಿನ ಎದುರೇ ಚಹಾ ಕುಡಿಯುತ್ತಾರೆ. ಗೆಳೆಯರೆಲ್ಲ ಇದ್ದರು. ಬರಿಗಾಲಲ್ಲಿ, ಚಡ್ಡಿಯಲ್ಲಿ ನಾನು ಬಸ್ಸಿನಿಂದ ಇಳಿದೆ. ಮಾವನವರು ಕಪ್ಪು ಕೆಳಗಿಟ್ಟು, "ನಮ್ಮ ಅಳಿಯಂದ್ರು. ಓಡೂ ಪ್ರ್ಯಾಕ್ಟೀಸ್ ಮಾಡಾಕತ್ತಾರ" ಎಂದು ಪರಿಚಯ ಮಾಡಿಕೊಟ್ಟರು.

ಒಬ್ಬರು ಬಸ್ಸು ನೋಡಿದರು, ನನ್ನ ಕಾಲು ನೋಡಿದರು. "ಪ್ರ್ಯಾಕ್ಟೀಸ್ ಎಲ್ಲಿ ಮಟ ಬಂದೈತ್ರಿ?"

"ಬಸ್‌ಸ್ಟ್ಯಾಂಡ್ ಮಟ" ಎಂದರು ಮಾವನವರು.

ಜೋಳದ ಹೊಲದಲ್ಲಿ

ಓಟಕ್ಕೆ ಮೊದಲು ಒಂದು ದೊಡ್ಡ ತಾಲೀಮು ಆಗಬೇಕೆಂದು ಕ್ಯಾಶಿಯರ್ ಒಂದು ಭಾನುವಾರ ಹನ್ನೂರಿನ ಕಡೆ ಕರೆದೊಯ್ದ. ಅವನು ಕ್ಯಾಲೆಂಡರಿನಲ್ಲಿ ಭಾನುವಾರವನ್ನಷ್ಟೇ ನೋಡಿದ್ದ. ಅಂದು ಎಳ್ಳಮಾವಾಸ್ಯೆ. ಮನೆಮಂದಿಯೆಲ್ಲ ಹೊಲಕ್ಕೆ ಬಂದು ಪೂಜೆ ಮಾಡಿ, ಅಲ್ಲೇ ಕೂತು ಉಣ್ಣುವ ದಿನ. ದಾರಿಯಲ್ಲಿ ಹೋಗುವವರನ್ನು ಉಣ್ಣಿಸದೆ ಬಿಡುವ ಪದ್ಧತಿ ಆ ಕಡೆ ಇಲ್ಲ.

ಮೊದಲ ಹೊಲದವರು ಕರೆದಾಗ ಕ್ಯಾಶಿಯರ್ ನಿಲ್ಲದೆ, "ಓಡಾಕತ್ತೀವ್ರಿ!" ಎಂದು ಕೂಗಿದ.

"ಓಡ್ರಿ, ಯಾರ್ ಬ್ಯಾಡಂದಾರ? ಉಂಡು ಓಡ್ರಿ!"

ಸಜ್ಜೆ ರೊಟ್ಟಿ, ಕಾಳು-ಸೊಪ್ಪಿನ ಭಜ್ಜಿ, ಅಂಬಲಿ. ಎದ್ದೆವು. ಎರಡನೇ ಹೊಲದವರು ಮೊದಲ ಹೊಲದವರ ಭಾವಂದಿರು, ಅಲ್ಲಿ ಉಂಡು ಇಲ್ಲಿ ಬಿಟ್ಟರೆ ಸಂಬಂಧವೇ ಕೆಡುವ ಮಾತು. ಅಲ್ಲಿ ಹೋಳಿಗೆ. ಮೂರನೆಯದರಲ್ಲಿ ಕಡಬು. ಕೊಬ್ಬು, ಪಿಷ್ಟ ಎಂದು ನನಗೆ ತಿಂಗಳುಗಟ್ಟಲೆ ಪಾಠ ಹೇಳಿದ್ದ ಕ್ಯಾಶಿಯರ್ ಮೂರನೇ ಹೊಲದಲ್ಲಿ ತುಪ್ಪ ತಾನೇ ಕೇಳಿ ಹಾಕಿಸಿಕೊಂಡ. ನಾನೂ ತಟ್ಟೆ ಮುಂದೆ ಮಾಡಿದೆ.

ನಾಲ್ಕನೇ ಹೊಲ ಕಾಣುತ್ತಲೇ ಇಬ್ಬರೂ ನಿಂತೆವು. ರಸ್ತೆಯಲ್ಲಿ ಹೋದರೆ ಕರೆಯುತ್ತಾರೆ. ಬಗ್ಗಿಕೊಂಡು ಜೋಳದೊಳಗಿಂದ ದಾಟಿಬಿಡೋಣ ಎಂದು ಅವನೇ ಉಪಾಯ ಹೇಳಿದ. ಆಳೆತ್ತರದ ಜೋಳ. ಸೊಂಟ ಬಗ್ಗಿಸಿ, ಒಬ್ಬರ ಹಿಂದೆ ಒಬ್ಬರು ನುಗ್ಗಿದೆವು. ಉಂಡ ಭಾರಕ್ಕೆ ಇಬ್ಬರ ಉಸಿರೂ ಜೋರಾಗಿತ್ತು. ಅರ್ಧ ಹೊಲ ದಾಟಿರಲಿಲ್ಲ, ಒಂದು ಮಣ್ಣಿನ ಹೆಂಟೆ ಬಂದು ಕ್ಯಾಶಿಯರನ ಬೆನ್ನಿಗೆ ಬಡಿಯಿತು. ಆ ಮೇಲೆ ನಾಲ್ಕೂ ಕಡೆಯಿಂದ ಬಂದವು. ಕೈ ಮೇಲೆತ್ತಿ ಎದ್ದು ನಿಂತೆವು.

ಹೊಲದ ಯಜಮಾನ ಮುಂದಿನ ಹೆಂಟೆಯನ್ನು ಎತ್ತಿ ಹಿಡಿದವನು ಹಾಗೆಯೇ ನಿಂತ. ಆಮೇಲೆ ಅದನ್ನು ಕೆಳಗೆ ಹಾಕಿ, ಧೋತರಕ್ಕೆ ಕೈ ಒರೆಸಿಕೊಂಡ.

"ಹಂದಿ ಅಂತ ತಿಳ್ದಿದ್ನಿ. ಬರ್ರಿ, ಊಟಕ್ಕ ಕುಂಡರ್ರಿ."

ಸತ್ಕಾರ

ಓಟದ ದಿನ ಬಂತು. ಒಳ್ಳೆಯ ಚಳಿ. ಹದಿನೈದು ಕಿಲೋಮೀಟರಿನ ತನಕ ಕ್ಯಾಶಿಯರ್ ಜೊತೆಗಿದ್ದ, ಆ ಮೇಲೆ ಅವನು ಮುಂದೆ ಹೋದ. ಹಿಂದೆ ತಿರುಗಿದಾಗಲೆಲ್ಲ ಆ ಗಾಡಿ ಕಾಣುತ್ತಿತ್ತು. ಅದರ ಡ್ರೈವರ್ ಹೋದ ವರ್ಷದವನೇ, ನನ್ನ ಗುರುತು ಹಿಡಿದು ಕೈ ಬೀಸಿದ. ಕಾಲು ಕಿತ್ತು ಬರುತ್ತಿದ್ದರೂ ನಿಲ್ಲಲಿಲ್ಲ. ಕೊನೆಯ ತಿರುವಿಗೆ ಬಂದಾಗ ಗೇಟು ಕಂಡಿತು. ಗಾಳಿ ತುಂಬಿದ ದೊಡ್ಡ ಕಮಾನು, ಅದರ ಮೇಲೆ ಗಡಿಯಾರ. ಇನ್ನೂ ಐದು ನಿಮಿಷ ಇತ್ತು. ನಡೆದು ಹೋದರೂ ಮುಟ್ಟುತ್ತಿದ್ದೆ. ನಿಜವಾಗಿ ಹೇಳುತ್ತೇನೆ, ಅಷ್ಟು ಖುಷಿ ನನಗೆ ನನ್ನ ಲಗ್ನದಲ್ಲೂ ಆಗಿರಲಿಲ್ಲ.

ಗೇಟಿಗಿಂತ ಸ್ವಲ್ಪ ಈಚೆ, ರಸ್ತೆಯ ಬದಿ ಜಮಖಾನೆ ಹಾಸಿ ಒಂದು ಕುರ್ಚಿ ಇಟ್ಟಿದ್ದರು. ಪಕ್ಕದಲ್ಲಿ ಮಾವನವರು, ಅತ್ತೆ, ನಾದಿನಿಯರು, ಕೈಯಲ್ಲಿ ಶಾಲು, ತೆಂಗಿನಕಾಯಿ. ಆರತಿ ತಟ್ಟೆ ಹಿಡಿದು ನನ್ನ ಹೆಂಡತಿ.

"ಬರ್ರಿ ಅಳಿಯಂದ್ರ, ಕುಂಡರ್ರಿ" ಎಂದು ಮಾವನವರು ರಟ್ಟೆ ಹಿಡಿದರು.

"ಮಾವಾರ, ಗೇಟ್ ಅಲ್ಲೈತ್ರಿ! ಮುಟ್ಟಿ ಬರ್ತೀನಿ!"

"ಹೋದ್ ವರ್ಷ ಗೇಟಿನ್ಹತ್ರ ನಿಂತು ಮೋಸ ಹೋದ್ವಿ. ಈ ಸಲ ನೀವು ಕಾಲ ಮ್ಯಾಲ ಇರೂದ್ರಾಗ ಸತ್ಕಾರ ಮಾಡಿ ಮುಗಿಸೂಣು ಅಂತ ಎಲ್ಲಾರೂ ಕೂಡಿ ಠರಾಯಿಸೀವಿ."

ಕೂರಿಸಿಬಿಟ್ಟರು. ಶಾಲು ಹೊದಿಸಿದರು. ಅಕ್ಕಲಕೋಟೆಯಿಂದ ಫೇಟಾ ಕಟ್ಟುವವನನ್ನೇ ಕರೆತಂದಿದ್ದರು. ಉದ್ದಕ್ಕೆ, ತೆಳ್ಳಗೆ, ಮಾತಿಲ್ಲದ ಮನುಷ್ಯ. ಕೇಸರಿ ಬಟ್ಟೆಯ ಒಂದು ತುದಿಯನ್ನು ನನ್ನ ತಲೆಗೆ ಇಟ್ಟು ಸುತ್ತತೊಡಗಿದ. ಅತ್ತ ಮಾವನವರು ಜನರ ಕಡೆ ತಿರುಗಿ ಭಾಷಣ ಶುರು ಮಾಡಿದರು. ನನ್ನ ಅಜ್ಜನಿಂದ ಶುರು ಮಾಡಿದರು. ಗಡಿಯಾರದಲ್ಲಿ ಎರಡು ನಿಮಿಷ ಉಳಿಯಿತು. ಗೇಟಿನ ಕಡೆಯ ಮೈಕು ಕೊನೆಯ ನಿಮಿಷ ಎಂದು ಕೂಗಿದಾಗ ಮಾವನವರು ಇನ್ನೂ ನಮ್ಮ ಅಪ್ಪನ ಅಂಗಡಿಯ ಉದ್ಘಾಟನೆಯಲ್ಲಿದ್ದರು. ಏಳಲು ಮೈ ಒಪ್ಪುತ್ತಿರಲಿಲ್ಲ, ಹಿರಿಯರ ಮಾತಿನ ನಡುವೆ ಎದ್ದು ಹೋಗುವುದನ್ನು ನಮಗೆ ಯಾರೂ ಕಲಿಸಿಲ್ಲ.

ನನ್ನ ಹೆಂಡತಿ ಗಡಿಯಾರ ನೋಡಿದಳು, ಅಪ್ಪನನ್ನು ನೋಡಿದಳು, ಆರತಿ ತಟ್ಟೆಯನ್ನು ತಂಗಿಯ ಕೈಗೆ ತುರುಕಿದಳು.

"ರೀ! ಓಡ್ರಿ!"

ತವರಿನವರ ಮುಂದೆ ಅವಳು ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು. ಎದ್ದು ಓಡಿದೆ.

ಫೇಟಾ ಅರ್ಧ ನನ್ನ ತಲೆಯ ಮೇಲಿತ್ತು, ಇನ್ನರ್ಧ ಕಟ್ಟುವವನ ಕೈಯಲ್ಲಿತ್ತು. ಮಧ್ಯಾಹ್ನ ಅವನಿಗೆ ಒಂದು ಲಗ್ನದ ಕೆಲಸವಿತ್ತು, ಆ ಬಟ್ಟೆಯನ್ನೇ ಅಲ್ಲಿ ಮದುಮಗನಿಗೆ ಕಟ್ಟಬೇಕು. ಅವನು ಬಿಡಲಿಲ್ಲ. ಚಪ್ಪಲಿ ಕಾಲಲ್ಲೇ ಓಡಿ ಬಂದ. ಎರಡೂ ಬದಿಗೆ ಬಿದಿರು ಕಟ್ಟಿದ್ದರಿಂದ ಹೊರಗೆ ಹೋಗಲು ದಾರಿಯಿಲ್ಲ. ಅಡ್ಡ ನಿಂತು ನನ್ನನ್ನು ಹಿಡಿಯಬೇಕೆಂದು ಅವನು ಮುಂದೆ ಹಾಯ್ದ, ನಾನು ನಿಲ್ಲಲಿಲ್ಲ, ಜನ ಚಪ್ಪಾಳೆ ತಟ್ಟಿದರು, ಅವನೂ ನಿಲ್ಲಲಿಲ್ಲ. ಹೀಗೆ ಅವನು ಮುಂದೆ, ನಾನು ಹಿಂದೆ, ನಡುವೆ ಕೇಸರಿ ಬಟ್ಟೆ, ಗೇಟು ದಾಟಿದೆವು. ನನ್ನ ಬೆನ್ನ ಹಿಂದೆಯೇ ಕಮಾನಿನ ಗಾಳಿ ಬಿಟ್ಟರು.

ಮೆಡಲ್ ಹಾಕುವ ಹುಡುಗಿಯ ಕೈಯಲ್ಲಿ ಒಂದೇ ಉಳಿದಿತ್ತು. ಮೊದಲು ಬಂದ ಕೊರಳಿಗೆ ಹಾಕಿದಳು. ಅವನು ತಲೆ ಬಗ್ಗಿಸಿ ಹಾಕಿಸಿಕೊಂಡು, ಬಟ್ಟೆಯನ್ನು ಮಡಚಿ ಚೀಲಕ್ಕಿಟ್ಟುಕೊಂಡು ಲಗ್ನಕ್ಕೆ ಹೋದ. ನಿಮ್ಮದನ್ನು ಕೊರಿಯರ್ ಮಾಡುತ್ತೇವೆ ಎಂದು ಸಂಘಟಕರು ಹೇಳಿದರು. ಇನ್ನೂ ಬಂದಿಲ್ಲ. ನನಗೆ ಅದರ ಬೇಸರವೂ ಇಲ್ಲ, ಆ ದಿನ ಮನೆಗೆ ಹೋಗುವ ದಾರಿಯುದ್ದಕ್ಕೂ ನನ್ನ ಹೆಂಡತಿ ಬಾಯಿ ಮುಚ್ಚದೆ ಮಾತಾಡಿದಳು.

ಮೆಡಲ್ ಎಲ್ಲರಿಗೂ ಕೊಡುತ್ತಾರೆ ಎಂಬುದು ಮಾವನವರಿಗೆ ಗೊತ್ತಿಲ್ಲ. ನಾವೂ ಹೇಳಿಲ್ಲ. ಓಟದ ಮರುತಿಂಗಳು ಅಕ್ಕಲಕೋಟೆಯಲ್ಲಿ ಸಂಬಂಧಿಕರ ಲಗ್ನವಿತ್ತು. ಮಾವನವರು ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ಬೀಗರಿಗೆ ಪರಿಚಯಿಸಿದರು.

"ನಮ್ಮ ಅಳಿಯಂದ್ರು. ಮ್ಯಾರಥಾನ್‌ದಾಗ ಎರಡನೇ ನಂಬರ್."

ಬೀಗರು ನನ್ನ ಹೊಟ್ಟೆಯನ್ನು ಒಮ್ಮೆ ನೋಡಿ ಕೇಳಿದರು, "ಭಾರೀ ಆತಲ್ರಿ! ಮೊದಲನೇ ನಂಬರ್ ಯಾರ್ ಬಂದ್ರು?"

ಮಾವನವರು ಮಂಟಪದ ಬಾಗಿಲ ಕಡೆ ಬೆರಳು ಮಾಡಿದರು. ಅಲ್ಲಿ ಅವನು ಕೊರಳಲ್ಲಿ ಮೆಡಲ್ ಹಾಕಿಕೊಂಡು ಸಾಲಾಗಿ ಕೂತವರಿಗೆ ಫೇಟಾ ಕಟ್ಟುತ್ತಿದ್ದ.

"ಅಂವ. ಅವನ್ನ ಹಿಡ್ಯೂದು ಯಾರ ಕೈಲೂ ಆಗೂದಿಲ್ಲ ಬಿಡ್ರಿ. ಚಪ್ಪಲ್ ಮ್ಯಾಲ ಓಡ್ತಾನ."